ಉಪ್ಪು ಬಿಟ್ಟ ಡ್ರೈವರ್

ಬಂಡೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತು, ಅದೇ ಹಾರ್ನ್ ಎರಡನೇ ಸಲ ಕೇಳಿದರೆ ಮುಚ್ಚುವ ಹೊತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ನನ್ನ ಗಡಿಯಾರ ಅದೇ ಆಗಿತ್ತು. ಯಸಳೂರಿಗೆ ಸ್ವಲ್ಪ ಮೊದಲು, ರಸ್ತೆ ಬದಿಯಲ್ಲೇ ಇದ್ದ ಸಣ್ಣ ಆಸ್ಪತ್ರೆಗೆ ನಾನೊಬ್ಬಳೇ ಡಾಕ್ಟರು. ಆ ಖಾಸಗಿ ಬಸ್ಸು ಬೆಳಿಗ್ಗೆ ಯಸಳೂರಿನಿಂದ ಹೊರಟು ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಘಾಟಿಯ ತಲೆಯಲ್ಲಿರುವ ಮಾರನಹಳ್ಳಿ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುತ್ತಿತ್ತು. ನಾನು ಹುಟ್ಟಿನಿಂದಲೇ ಒಂದು ಕಡೆ ಕೂರುವ ಜಾತಿಯಲ್ಲ. ಬಸ್ಸು ಹತ್ತು ನಿಮಿಷ ತಡವಾದರೆ ಜಗುಲಿಗೂ ಒಳಕೋಣೆಗೂ ಓಡಾಡುತ್ತಿದ್ದೆ. ನಮ್ಮ ನರ್ಸ್ ಬಾಯಿ ಬಿಟ್ಟು ಹೇಳದಿದ್ದರೂ ಅವಳಿಗೆ ಅದರಿಂದ ತಲೆನೋವು ಬರುತ್ತಿತ್ತು ಅಂತ ನನಗೆ ಗೊತ್ತಿತ್ತು.

ಮಳೆ ಹಿಡಿದ ಹೊಸತರಲ್ಲಿ ಒಂದು ಸಂಜೆ ಹಾರ್ನ್ ತುಂಬ ತಡವಾಗಿ ಬಂತು. ಬಸ್ಸು ಯಸಳೂರು ಸೇರಿದ ಮೇಲೆ ಕಂಡಕ್ಟರ್ ತಲೆನೋವಿನ ಮಾತ್ರೆ ಬೇಕು ಅಂತ ನಡೆದುಕೊಂಡು ಬಂದ. ಮಾತ್ರೆ ಕೊಟ್ಟರೂ ಹೋಗಲಿಲ್ಲ. ಛತ್ರಿ ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು.

"ಎಂತ ಮಾರಾಯ, ಹೇಳುವುದಿದ್ದರೆ ಹೇಳು. ನನಗೆ ಬೇರೆ ಕೆಲಸ ಉಂಟು," ಅಂದೆ. ಸಿಟ್ಟು ಬಂದಾಗ ನನ್ನ ಬಾಯಲ್ಲಿ ಮಂಗಳೂರು ಬರುತ್ತದೆ. ಅಪ್ಪನ ಕಾಲಕ್ಕೇ ನಾವು ಎಸ್ಟೇಟ್ ಕಡೆ ಬಂದವರಾದರೂ ಅದು ಹೋಗಿಲ್ಲ.

"ಬಂಡೆ ತಿರುವಿನ ಏರಲ್ಲಿ ನಮ್ ಡ್ರೈವರ್ ಗಾಡಿ ನಿಲ್ಲುಸ್ಬುಟ್ಟ ಡಾಕ್ಟ್ರೇ. ರೇಡಿಯೇಟರ್ ಕಾದೈತೆ, ಎಲ್ಲಾ ಇಳ್ದು ನಿಂತ್ಕಳಿ ಅಂದ. ಆಮೇಲೆ ಮುಂದ್ಗಡೆ ಹೋಗಿ ಬಾನೆಟ್ಟಿಗೆ ಒರಗ್ಕಂಡು ನಿಂತಿದ್ದ, ಎದೆ ಮೇಲೆ ಕೈ ಇಟ್ಕಂಡು."

"ರೇಡಿಯೇಟರ್ ಕಾದಿತ್ತಾ?"

"ನಾನು ಮುಟ್ಟಿ ನೋಡ್ದೆ. ತಣ್ಣಗಿತ್ತು."

ಆ ಏರಿನ ಎಡಕ್ಕೆ ತೋಟ. ಬಲಕ್ಕೆ ತಡೆಗೋಡೆಯೂ ಇಲ್ಲ, ನೆಲವೂ ಇಲ್ಲ. ಶಾಲೆಯ ಮೇಷ್ಟ್ರು, ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರು, ಸಂತೆಯ ಚೀಲಗಳು, ಎಲ್ಲವೂ ಆ ಬಸ್ಸಿನಲ್ಲೇ ಬರುವುದು. ನಾನೂ ಸಕಲೇಶಪುರಕ್ಕೆ ಹೋಗುವುದು ಅದರಲ್ಲೇ.

ಡ್ರೈವರನ್ನು ಕರೆಸುವುದು ಹೇಗೆ ಅಂತ ನಾನು ಯೋಚಿಸುತ್ತಿರುವಾಗ ಆತನೇ ಬಂದ. ಐವತ್ತರ ಹತ್ತಿರದ, ಗಟ್ಟಿ ಮೈಯ ಆಸಾಮಿ. ಯಸಳೂರಿನ ಕಡೆಯ ಶೈವ ಒಕ್ಕಲು ಮನೆತನ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಬೀಡಿ ಕಟ್ಟು. ಹೆವಿ ಲೈಸೆನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕಾಗಿತ್ತು. ಗೌರಿ ಹಬ್ಬ ಮುಗಿಯುವುದರೊಳಗೆ ಕೊಡಬೇಕು, ಇಲ್ಲದಿದ್ದರೆ ಮಾಲೀಕರು ಬೇರೆಯವನನ್ನು ಹತ್ತಿಸುತ್ತಾರೆ ಅಂದ.

ಹತ್ತು ನಿಮಿಷ ಸುಮ್ಮನೆ ಕೂರಿಸಿ, ಎರಡೂ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ, ಕೂರಿಸಿಯೂ ಮಲಗಿಸಿಯೂ ನೋಡಿದೆ. ಪಾದರಸ ನೂರಾ ತೊಂಬತ್ತರ ಆಸುಪಾಸಿನಲ್ಲೇ ಬಡಿಯಲು ಶುರುಮಾಡಿತು. ಕೆಳಗಿನದು ನೂರಾ ಹತ್ತನ್ನು ದಾಟಿತ್ತು. ಮಲಗಿಸಿದರೂ ಹೆಚ್ಚೇನೂ ಇಳಿಯಲಿಲ್ಲ. ಎದೆಯ ಬಗ್ಗೆ ಕೇಳಿದೆ.

"ಅದು ಗ್ಯಾಸು ಕಣ್ರೀ. ಅವತ್ತು ಕಡ್ಲೆಬೇಳೆ ವಡೆ ತಿಂದಿದ್ದೆ."

"ಮತ್ತೆ ರೇಡಿಯೇಟರ್ ಅಂದದ್ದು ಯಾಕೆ?"

ಕಂಡಕ್ಟರ್ ಹೇಳಿದ್ದಾನೆ ಅಂತ ಆತನಿಗೆ ತಕ್ಷಣ ಹೊಳೆಯಿತು. ಮುಖ ಕೆಂಪಾಯಿತು. "ಬಸ್ಸಲ್ಲಿ ಅಷ್ಟ್ ಜನ ಕೂತಿರ್ತಾರೆ. ಡ್ರೈವರ್ಗೆ ಎದೆನೋವು ಅಂದ್ರೆ ನಾಳೆಯಿಂದ ಯಾರು ಹತ್ತುತಾರೆ? ಮಾಲೀಕ್ರು ಇಟ್ಕಂತಾರಾ? ನೀವು ಬರ್ದು ಕೊಡಿ, ಯಾರ್ಗೂ ಗೊತ್ತಾಗ್ಬಾರ್ದು."

ಬರೆದು ಕೊಡುವುದಿಲ್ಲ ಅಂದೆ. ಆತ ದನಿ ಏರಿಸಿದ, ನಾನೂ ಏರಿಸಿದೆ. ಹೊರಗೆ ಕಾಯುತ್ತಿದ್ದ ರೋಗಿಗಳು ಒಳಗೆ ಇಣುಕಿದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಹಾಸನಕ್ಕೆ ಹೋಗಿ ಇಸಿಜಿ ಮಾಡಿಸಬೇಕು, ನಾನು ಹೇಳಿದ ಹಾಗೆ ನಡೆಯಬೇಕು, ವಾರವಾರ ಬರಬೇಕು. ಬಿ.ಪಿ. ಇಳಿದರೆ ಸಹಿ, ಇಳಿಯದಿದ್ದರೆ ಇಲ್ಲ. ಇಸಿಜಿಯ ಫಲಿತಾಂಶ ಬರುವವರೆಗೆ ಬಸ್ಸನ್ನು ಮುಟ್ಟಬಾರದು ಅಂತಲೂ ಹೇಳಿದೆ. ಮಗಳ ಮನೆಗೆ ಹೋಗಬೇಕು ಅಂತ ಮಾಲೀಕರಿಗೆ ಸುಳ್ಳು ಹೇಳಿ ರಜ ಹಾಕಿದ.

ಇಸಿಜಿಯಲ್ಲಿ ಹೃದಯದ ಎಡಭಾಗ ದಪ್ಪವಾಗಿರುವ ಲಕ್ಷಣ ಇತ್ತು. ಬಹಳ ವರ್ಷದ ಬಿ.ಪಿ. ಅಂತ ಅರ್ಥ. ಅದಕ್ಕಿಂತ ಕೆಟ್ಟದ್ದೇನೂ ಕಾಣಲಿಲ್ಲ. ಮಲಗಿದ್ದಾಗ ತೆಗೆದ ಇಸಿಜಿ ಏರಿನಲ್ಲಿ ಗೇರ್ ಬದಲಿಸುವಾಗಿನ ಎದೆಯ ಬಗ್ಗೆ ಏನು ಹೇಳೀತು ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆದರೂ ಅದರ ಆಧಾರದ ಮೇಲೆ ಬಸ್ಸು ಓಡಿಸಲು ಬಿಟ್ಟೆ.

ಔಷಧಿ ಆರಿಸುವುದೂ ಸುಲಭವಿರಲಿಲ್ಲ. ಆಗ ನಮ್ಮ ಕಡೆ ಸುಲಭವಾಗಿ ಸಿಗುತ್ತಿದ್ದ ಒಂದು ಮಾತ್ರೆ ತೂಕಡಿಕೆ ತರಿಸುತ್ತಿತ್ತು. ಸ್ಟೇರಿಂಗ್ ಹಿಡಿಯುವವನಿಗೆ ಅದನ್ನು ಕೊಟ್ಟರೆ ನನ್ನ ಕೈಯಾರೆ ಬಸ್ಸನ್ನು ಕಣಿವೆಗೆ ತಳ್ಳಿದಂತೆ. ಮೈಯ ನೀರನ್ನೂ ಉಪ್ಪನ್ನೂ ಮೂತ್ರದಲ್ಲಿ ಇಳಿಸುವ ಮಾತ್ರೆಯನ್ನು ಬೆಳಿಗ್ಗೆಗೆ ಬರೆದೆ. ಜೊತೆಗೆ ಉಪ್ಪು ಬಿಡಬೇಕು, ಬೀಡಿ ಬಿಡಬೇಕು, ದಿನಾ ನಡೆಯಬೇಕು.

"ನಡೆಯಾದು ಯಾಕ್ರೀ? ದಿನಾ ನೂರಾರು ಮೈಲಿ ತಿರುಗ್ತೀನಲ್ಲ."

"ತಿರುಗುವುದು ಬಸ್ಸು. ನೀವು ಕೂತಿರುವುದು."

ಮುಂದಿನ ವಾರ ಬಿ.ಪಿ. ನೋಡಿದೆ. ಅಷ್ಟೇ ಇತ್ತು. ಅದರ ಮುಂದಿನ ವಾರವೂ ಇಳಿಯಲಿಲ್ಲ. ಬೀಡಿ ಮಾತ್ರ ಕಡಿಮೆ ಆಗಿತ್ತು, ಬೆರಳ ತುದಿಯ ಹಳದಿ ಬಣ್ಣ ಮಾಸಿದ್ದು ಕಾಣುತ್ತಿತ್ತು. ಉಪ್ಪು ಬಿಟ್ಟಿದ್ದೀರಾ ಅಂದರೆ, "ಬುಟ್ಟಿದೀನಿ. ಬಾಯಿ ಸತ್ತೋಗೈತೆ," ಅನ್ನುವುದು. ಮೂರನೇ ಸಲವೂ ಪಾದರಸ ಅಲ್ಲೇ ನಿಂತಾಗ ನಾನು ಪಟ್ಟಿಯನ್ನು ಮೇಜಿನ ಮೇಲೆ ಎಸೆದೆ. ಸುಳ್ಳು ಹೇಳುವವರಿಗೆ ಔಷಧಿ ಕೊಡಲು ನನಗೆ ಬಾರದು ಅಂದೆ. ಆತ ಎದ್ದು ಹೋದ.

ಮಾರನೆಯ ದಿನ ಆತನ ಹೆಂಡತಿ ಬಂದಳು. ಸೆರಗಿನಿಂದ ಮಳೆನೀರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಹೇಳಿದಳು: "ಅವ್ರು ಸುಳ್ ಹೇಳಿಲ್ಲ ಡಾಕ್ಟ್ರಮ್ಮ. ಸಾರಿಗೆ ಒಂದ್ ಹಳ್ಳು ಉಪ್ಪು ಹಾಕ್ತಿಲ್ಲ ನಾನು. ಉಪ್ಪಿನ ಮಡಕೆನೇ ಅಟ್ಟದ ಮೇಲೆ ಇಟ್ಬುಟ್ಟಿದೀನಿ. ಸಪ್ಪೆ ಸಾರು ಉಣ್ಣಾಗ ಆ ಮುಖ ನೋಡಕ್ಕಾಗಲ್ಲ. ನೀವು ಬೈದ್ರಿ ಅಂತ ನಿನ್ನೆ ಉಣ್ಣಲೇ ಇಲ್ಲ."

ಅವಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಪಾದರಸದಲ್ಲೂ ಸುಳ್ಳಿರಲಿಲ್ಲ. ಹಾಗಾದರೆ ಉಪ್ಪು ಎಲ್ಲಿಂದ ಬರುತ್ತಿದೆ, ಮಾತ್ರೆ ಎಲ್ಲಿಗೆ ಹೋಗುತ್ತಿದೆ? ಹಬ್ಬ ಹತ್ತಿರ ಬರುತ್ತಿತ್ತು. ಸಂಜೆಯ ಹಾರ್ನ್ ಕೇಳುವವರೆಗೆ ನನ್ನ ಕಿವಿ ರಸ್ತೆಯಲ್ಲೇ ಇರುತ್ತಿತ್ತು. ಜ್ವರದ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡು ನಾನು ಹಾರ್ನ್ ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಒಂದು ದಿನ ಗೊತ್ತಾದಾಗ, ಇದು ಹೀಗೆ ಸಾಗುವುದಿಲ್ಲ ಅನ್ನಿಸಿತು. ಆ ಭಾನುವಾರ ನರ್ಸ್‌ಗೆ ಹೇಳಿ, ಬೆಳಗಿನ ಬಸ್ಸು ಹತ್ತಿದೆ. ಡ್ರೈವರ್ ಸೀಟಿನ ಪಕ್ಕದ ಬೆಂಚಿನ ಮೇಲೆ ಕೂತೆ.

"ಎಲ್ಲಿಗೆ ಡಾಕ್ಟ್ರೇ?" ಅಂದ ಕಂಡಕ್ಟರ್.

"ಇದು ಹೋಗುವಲ್ಲಿಗೆ."

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದ. ಸಕಲೇಶಪುರದವರೆಗೂ ಒಂದು ಮಾತಿಲ್ಲ. ಆದರೆ ದಾರಿ ಮಾತಾಡಿತು. ಪ್ರತಿ ತೋಟದ ಗೇಟಿನಲ್ಲೂ ಯಾರೋ ನಿಂತಿರುತ್ತಿದ್ದರು. ಒಬ್ಬರಿಗೆ ಪೇಟೆಯಿಂದ ತಂದ ಔಷಧಿ ಇಳಿಸುವುದು, ಇನ್ನೊಬ್ಬರಿಂದ ಹೊಲಿಗೆಗೆ ಕೊಡುವ ಬಟ್ಟೆ ತೆಗೆದುಕೊಳ್ಳುವುದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಗೆ ರೇಡಿಯೋ ಸೆಲ್ಲು. ಈ ಕೆಲಸಕ್ಕೆ ಯಾರೂ ಕಾಸು ಕೊಡುವ ಪದ್ಧತಿಯಿಲ್ಲ. ಕೊಡುವುದು ಬಾಟಲಿ. ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ. ಆತನ ಸೀಟಿನ ಕೆಳಗೆ ಒಂದು ತಗಡಿನ ಡಬ್ಬಿ ಇತ್ತು, ಎಲ್ಲವೂ ಅದರೊಳಗೆ ಹೋಗುತ್ತಿತ್ತು.

ಮಾರನಹಳ್ಳಿಯಲ್ಲಿ ಬಸ್ಸು ಎರಡು ಗಂಟೆ ನಿಲ್ಲುತ್ತದೆ. ಘಾಟಿ ಹತ್ತಿ ಬಂದ ಲಾರಿಗಳು ಸಾಲಾಗಿ ನಿಂತು ಉಸಿರು ಬಿಡುತ್ತಿದ್ದವು. ಹೋಟೆಲಿನ ಹಿಂದಿನ ಬೆಂಚಿನಲ್ಲಿ ಆತ ಮನೆಯ ಕ್ಯಾರಿಯರ್ ಬಿಚ್ಚಿದ. ನಾನು ಎದುರಿಗೇ ಕೂತೆ. ಸಾರಿಗೆ ಬೆರಳದ್ದಿ ನೋಡಿದೆ. ಹೆಂಡತಿ ಹೇಳಿದ್ದು ನಿಜ, ಬರೀ ಸಪ್ಪೆ. ಎರಡನೇ ಡಬ್ಬದಲ್ಲಿ ಹಲಸಿನ ತೊಳೆಯ ಪಲ್ಯ ಇತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡೆ.

"ಇದೆಂತದು?"

"ಬೇಸಿಗೆಲಿ ಉಪ್ಪಿಗೆ ಹಾಕಿದ್ದ ತೊಳೆ. ಆದ್ರೆ ಅದ್ರಲ್ಲಿ ಉಪ್ಪಿಲ್ಲ. ಪೂರ್ತಿ ತೊಳ್ದು, ನೀರಲ್ಲಿ ನೆನ್ಸಿ, ಹಿಂಡಿ ಹಾಕಿರ್ತಾಳೆ."

ನಮ್ಮ ಕಡೆ ಮಳೆಗಾಲದ ಅಡುಗೆ ಬೇಸಿಗೆಯಲ್ಲೇ ಶುರುವಾಗುತ್ತದೆ. ಹಲಸಿನ ತೊಳೆ, ಮಾವಿನಕಾಯಿ, ಬಿದಿರಿನ ಕಳಲೆ, ಎಲ್ಲವನ್ನೂ ಉಪ್ಪುನೀರಿನ ಭರಣಿಗೆ ಇಳಿಸಿ, ಮಳೆ ಹಿಡಿದ ಮೇಲೆ ತೆಗೆಯುತ್ತಾರೆ. ನೀರಲ್ಲಿ ನೆನೆಸಿದರೆ ಉಪ್ಪು ಹೋಯಿತು ಅಂತ ಎಲ್ಲರ ನಂಬಿಕೆ. ನಮ್ಮಮ್ಮನೂ ಒಣಮೀನನ್ನು ನೀರಲ್ಲಿ ಹಾಕಿಟ್ಟು, ಇನ್ನು ಇದು ಹಸಿಮೀನೇ ಅನ್ನುತ್ತಿದ್ದಳು. ನನ್ನ ಬಾಯಲ್ಲಿದ್ದ ಚೂರಿನಲ್ಲಿ ಒಂದು ಪಾತ್ರೆ ಸಾರಿಗೆ ಸಾಲುವಷ್ಟು ಉಪ್ಪಿತ್ತು. ಸಪ್ಪೆ ಸಾರು ಗಂಟಲಲ್ಲಿ ಇಳಿಯುವುದಿಲ್ಲ ಅಂತ ಆತ ಅದರ ಎರಡರಷ್ಟು ಪಲ್ಯ ಉಣ್ಣುತ್ತಿದ್ದ. ಪಲ್ಯ ಮುಗಿದ ಮೇಲೆ ಸೀಟಿನ ಕೆಳಗಿನ ಡಬ್ಬಿ ಬಂತು. ಉಪ್ಪು ಅಂದರೆ ಆತನ ಪಾಲಿಗೆ ಮಡಕೆಯಲ್ಲಿದ್ದದ್ದು ಮಾತ್ರ.

"ಮಾತ್ರೆ ಎಲ್ಲಿ?" ಅಂದೆ.

ಆತ ಕಂಡಕ್ಟರ್ ಕಡೆ ನೋಡಿದ. ಕಂಡಕ್ಟರ್ ಲಾರಿಗಳ ಕಡೆ ನೋಡಿದ.

"ಅದು... ಬೆಳಿಗ್ಗೆ ತಗಂಡ್ರೆ ಅರ್ಧ ಗಂಟೆಗೊಂದ್ ಸಲ ಇಳೀಬೇಕಾಯ್ತದೆ ಡಾಕ್ಟ್ರೇ. ಬಸ್ ತುಂಬ ಹೆಂಗಸ್ರು. ಎಲ್ಲಿ ನಿಲ್ಸಾದು ಹೇಳಿ. ಭಾನುವಾರ ಜನ ಕಮ್ಮಿ, ಅವತ್ತು ತಗಂತೀನಿ."

"ಇವತ್ತು ಭಾನುವಾರ."

"ಇವತ್ತು ನೀವು ಬಂದ್ರಲ್ಲ."

ನಗು ಬಂತು, ಸಿಟ್ಟೂ ಬಂತು. ಮಾತ್ರೆ ಬರೆಯುವಾಗ ಬಸ್ಸಿನ ವೇಳಾಪಟ್ಟಿ ಕೇಳಬೇಕು ಅಂತ ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅಲ್ಲೇ ವೇಳೆ ಬದಲಿಸಿದೆ. ಮಾರನಹಳ್ಳಿಗೆ ಬಂದು ಬ್ರೇಕ್ ಹಾಕಿದ ತಕ್ಷಣ ಮಾತ್ರೆ. ಎರಡು ಗಂಟೆಯಲ್ಲಿ ಎಷ್ಟು ಸಲ ಬೇಕಾದರೂ ಮರದ ಹಿಂದೆ ಹೋಗಿ ಬರಬಹುದು. ಆ ಹೊತ್ತಿನಲ್ಲೇ ನಡಿಗೆ. ಊಟಕ್ಕೆ ಮೊದಲು ಸಕಲೇಶಪುರದ ದಿಕ್ಕಿಗೆ, ಮಟ್ಟವಾದ ರಸ್ತೆಯಲ್ಲಿ, ಮಾತಾಡಿದರೆ ಏದುಸಿರು ಬರದಷ್ಟು ವೇಗದಲ್ಲಿ.

ವಾಪಸ್ ಬಂದು ನೇರ ಆತನ ಮನೆಗೆ ಹೋದೆ. ನೆನೆಸಿ ಹಿಂಡಿದ ತೊಳೆಯನ್ನು ಬರೀ ನೀರಲ್ಲಿ ಕುದಿಸಲು ಹೆಂಡತಿಗೆ ಹೇಳಿ, ಆ ನೀರನ್ನು ಅವಳಿಗೇ ಕುಡಿಯಲು ಕೊಟ್ಟೆ. ಒಂದು ಗುಟುಕಿಗೆ ಲೋಟ ಕೆಳಗಿಟ್ಟಳು.

"ಅಯ್ಯೋ, ನನ್ ಕೈಯಾರೆ ಹಾಕ್ತಿದ್ನಾ," ಅಂತ ಗೋಡೆಗೆ ಒರಗಿ ಕೂತುಬಿಟ್ಟಳು. ಭರಣಿಗಳು ಅವತ್ತೇ ಪಕ್ಕದ ಮನೆಗೆ ಹೋದವು. ಸಾರಿಗೆ ನಿಂಬೆರಸ, ಕಾಳುಮೆಣಸು, ಜಾಸ್ತಿ ಬೆಳ್ಳುಳ್ಳಿ ಹಾಕಿ, ನಾಲಿಗೆಗೆ ಏನಾದರೂ ಕೆಲಸ ಕೊಡಿ ಅಂದೆ. ಮೆಣಸಿಗೆ ಆ ಊರಲ್ಲಿ ಬರವಿಲ್ಲ.

ಉಳಿದದ್ದು ಸೀಟಿನ ಕೆಳಗಿನ ಡಬ್ಬಿ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಅಂತ ಹೇಳಿದರೆ ಗುಟ್ಟು ರಟ್ಟಾಗುತ್ತದೆ. ಬಾಟಲಿ ತೆಗೆದುಕೊಂಡು ಕಂಡಕ್ಟರ್‌ಗೆ ದಾಟಿಸುವುದು ಅಂತ ತೀರ್ಮಾನವಾಯಿತು. ಸ್ವಲ್ಪ ದಿನದಲ್ಲೇ ಕಂಡಕ್ಟರ್ ಬಂದು ತೋಳು ಚಾಚಿ ಕೂತ. "ನನ್ ಬಿ.ಪಿ.ನೂ ನೋಡ್ಬುಡಿ ಡಾಕ್ಟ್ರೇ. ಅವ್ರ ಪಾಲಿಂದೆಲ್ಲಾ ನಾನೇ ತಿಂತಿದೀನಿ."

ಬಿ.ಪಿ. ಇಳಿಯತೊಡಗಿತು. ಒಂದು ವಾರ ಇಳಿದು, ಮುಂದಿನ ವಾರ ಮತ್ತೆ ಏರಿತು. ಯಾರದೋ ಮನೆಯ ತಿಥಿ ಊಟಕ್ಕೆ ಹೋಗಿದ್ದನಂತೆ. ಮತ್ತೆ ಇಳಿಯಿತು. ಗೌರಿ ಹಬ್ಬದ ಹಿಂದಿನ ವಾರ ನೂರಾ ನಲವತ್ತೆಂಟು, ತೊಂಬತ್ತೆರಡು. ಬೀಡಿ ಪೂರ್ತಿ ನಿಂತಿತ್ತು. ಸೊಂಟದ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಆತ ತನ್ನ ಮಾತು ಉಳಿಸಿಕೊಂಡಿದ್ದ, ಈಗ ಸರದಿ ನನ್ನದು.

ಆದರೂ ಪೆನ್ನು ಕೈಯಲ್ಲಿ ಹಿಡಿದು ನಾನು ಬರೆಯಲಿಲ್ಲ. ಎದ್ದು ಕಿಟಕಿಗೆ ಹೋದೆ, ವಾಪಸ್ ಬಂದೆ. ಪಾದರಸ ಬಿ.ಪಿ.ಯನ್ನು ಹೇಳುತ್ತದೆ. ಆ ತಣ್ಣಗಿನ ರೇಡಿಯೇಟರ್ ಬಗ್ಗೆ ಅದು ಏನೂ ಹೇಳುವುದಿಲ್ಲ.

"ನಿಜ ಹೇಳಿ. ಅವತ್ತು ಎದೆ ಹಿಡಿದಿತ್ತಾ?"

ಆತ ತನ್ನ ಅಂಗೈ ನೋಡಿಕೊಂಡ. "ಹಿಡ್ಕಂಡಿತ್ತು. ಆಮೇಲೆ ಬಂದಿಲ್ಲ, ದೇವ್ರಾಣೆ."

ದಿನಾ ನಡೆಯುವಾಗ ಬರುತ್ತದೆಯೇ ಅಂತ ಕೇಳಿದೆ. ಇಲ್ಲ ಅಂದ. ಅವತ್ತೇ ನಾನು ಆತನ ಜೊತೆ ಬಂಡೆ ತಿರುವಿನ ಏರನ್ನು ನಡೆದು ಹತ್ತಿದೆ. ಮೇಲೆ ಮುಟ್ಟಿದಾಗ ಉಸಿರು ಕಟ್ಟಿದ್ದು ನನಗೆ, ಆತನಿಗಲ್ಲ. ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೇಳಿದೆ: "ಸಹಿ ಹಾಕುತ್ತೇನೆ. ಆದರೆ ಎದೆಯಲ್ಲಿ ಸಾಸಿವೆಯಷ್ಟು ಏನಾದರೂ ಆದರೆ ಬಸ್ಸು ನಿಲ್ಲಿಸಬೇಕು. ಬಾಯಿಬಿಟ್ಟು ಹೇಳಬೇಕು. ರೇಡಿಯೇಟರ್ ಅಂದರೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ." ನಾಲಿಗೆಯ ಕೆಳಗಿಡುವ ಮಾತ್ರೆಯ ಸಣ್ಣ ಸೀಸೆಯನ್ನು ಕೈಗೆ ಕೊಟ್ಟೆ. ಆತ ತಲೆ ಆಡಿಸಿದ. ತಲೆ ಎಲ್ಲರೂ ಆಡಿಸುತ್ತಾರೆ.

ಸಹಿ ಹಾಕಿದ್ದರಿಂದ ನನಗೆ ನೆಮ್ಮದಿ ಸಿಗಲಿಲ್ಲ, ಇದ್ದದ್ದೂ ಹೋಯಿತು. ಈಗ ಬಸ್ಸಿನಲ್ಲಿ ಕೂತವರೆಲ್ಲ ನನ್ನ ಸಹಿಯ ಮೇಲೆ ಕೂತಿದ್ದರು. ಬೆಳಗಿನ ಹಾರ್ನ್ ಕೇಳಿದರೆ ಅರ್ಧ ಉಸಿರು, ಸಂಜೆಯ ಹಾರ್ನ್ ಕೇಳಿದರೆ ಇನ್ನರ್ಧ. ಮಳೆ ಹೋಯಿತು, ದೀಪಾವಳಿ ಹೋಯಿತು. ಪ್ರತಿ ವಾರವೂ ಬಿ.ಪಿ. ಚೆನ್ನಾಗಿಯೇ ಇತ್ತು. ಮಾರನಹಳ್ಳಿಯಲ್ಲಿ ಲಾರಿ ಡ್ರೈವರುಗಳು ಆತನಿಗೆ ವಾಕಿಂಗ್ ಸಾಹೇಬ್ರು ಅಂತ ಹೆಸರಿಟ್ಟಿದ್ದಾರೆ, ಈಗ ಇಬ್ಬರು ಜೊತೆಗೂ ಹೋಗುತ್ತಾರೆ ಅಂತ ಕಂಡಕ್ಟರ್ ಸುದ್ದಿ ತಂದ. ನಾನು ನಕ್ಕೆ. ಸಂಜೆ ಮತ್ತೆ ಜಗುಲಿಯಲ್ಲಿ ನಿಂತೆ.

ಕಾಫಿ ಕುಯ್ಲಿನ ಮಧ್ಯದಲ್ಲಿ ಒಂದು ಸಂಜೆ ಹಾರ್ನ್ ಬರಲಿಲ್ಲ. ಕಾದೆ. ಕುಯ್ಲಿನ ಕಾಲದಲ್ಲಿ ಬಸ್ಸಿನ ತುಂಬ ಜನ, ತಡವಾಗುತ್ತದೆ ಅಂತ ನರ್ಸ್ ಹೇಳಿದಳು. ಸುಮ್ಮನಿರು ಅಂತ ಗದರಿದೆ. ಗೇಟಿನವರೆಗೆ ಹೋಗಿ ಬಂದೆ. ಮತ್ತೆ ಹೋಗುವಷ್ಟರಲ್ಲಿ ಎಸ್ಟೇಟ್ ಜೀಪೊಂದು ತಿರುವಿನಿಂದ ಬಂತು. ಹಿಂದಿನ ಸೀಟಿನಲ್ಲಿ ಆತ ಕಂಡಕ್ಟರನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಮುಖ ಬಿಳಿಚಿಕೊಂಡಿತ್ತು. ಬೆವರಿನಲ್ಲಿ ವಿಭೂತಿ ಇಳಿದು ಹುಬ್ಬಿಗೆ ಬಂದಿತ್ತು.

"ಬಸ್ಸು?" ಅಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದೇ.

"ಬಸ್ಸು ಸರಿಯಾಗೈತೆ," ಅಂದ ಕಂಡಕ್ಟರ್. ಅವನು ಅಳುತ್ತಿದ್ದ. "ಏರು ಶುರುವಾಗಕ್ ಮುಂಚೆನೇ ಎಡಕ್ಕೆ ಹಾಕ್ಬುಟ್ಟ. ಹ್ಯಾಂಡ್‌ಬ್ರೇಕ್ ಎಳ್ದ, ಚಕ್ರಕ್ಕೆ ಕಲ್ಲು ಕೊಡು ಅಂದ. ಆಮೇಲೆ ಹಿಂದಕ್ಕೆ ತಿರುಗಿ, ಎಲ್ರಿಗೂ ಕೇಳಂಗೆ ಹೇಳ್ದ, ರೇಡಿಯೇಟರ್ ಸರಿ ಐತೆ, ನನ್ ಎದೆ ಸರಿ ಇಲ್ಲ, ಎಲ್ಲಾ ಇಳೀರಿ ಅಂತ."

ನಾಲಿಗೆಯ ಕೆಳಗೆ ಮಾತ್ರೆ ಆಗಲೇ ಇಟ್ಟುಕೊಂಡಿದ್ದ. ನೋವಿಗೆ ಇಂಜೆಕ್ಷನ್ ಕೊಟ್ಟೆ. ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ಆ ಸ್ಥಿತಿಯಲ್ಲಿ ಹಾಸನದ ರಸ್ತೆಯ ಕುಲುಕಾಟಕ್ಕೆ ಒಡ್ಡಲು ಧೈರ್ಯ ಬರಲಿಲ್ಲ. ನೋವು ತಗ್ಗಿ ನಾಡಿ ಹದಕ್ಕೆ ಬರುವವರೆಗೆ ಮಲಗಿಸಿ, ಪಕ್ಕದಲ್ಲೇ ನಿಂತೆ. ಆತ ಕಣ್ಣು ಬಿಟ್ಟು ಏನೋ ಹೇಳಲು ಹೋದ. ಮಾತಾಡಬೇಡಿ ಅಂದೆ. ಅವತ್ತು ನನ್ನ ದನಿಯಲ್ಲಿ ಗದರಿಕೆ ಇರಲಿಲ್ಲ.

ಜೀಪಿಗೆ ಹತ್ತಿಸುವಾಗ ರಸ್ತೆಯಲ್ಲಿ ಜನ ಕಂಡರು. ಬಸ್ಸಿನ ಜನ. ಚೀಲ ತಲೆಯ ಮೇಲೆ ಹೊತ್ತವರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡವರು, ಚಪ್ಪಲಿ ಕೈಯಲ್ಲಿ ಹಿಡಿದ ಮೇಷ್ಟ್ರು, ಎಲ್ಲರೂ ಏರು ಹತ್ತಿ ನಡೆದು ಬರುತ್ತಿದ್ದರು. ಒಬ್ಬರೂ ಗೊಣಗುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು, ಹೆಂಗವ್ರೆ ಅಂತ ಕೇಳಿ, ಮುಂದೆ ಹೋಗುತ್ತಿದ್ದರು. ನಾನು ಜೀಪಿನ ಬಾಗಿಲು ಹಿಡಿದು ನಿಂತು ಅವರನ್ನು ನೋಡಿದೆ. ಎಲ್ಲರೂ ಬದುಕಿದ್ದರು.

ಒಬ್ಬ ಮುದುಕಿ ಸೀದಾ ನನ್ನ ಹತ್ತಿರ ಬಂದಳು. ಯಾವುದೋ ತೋಟದ ಗೇಟಿನಲ್ಲಿ ಔಷಧಿಗೆ ಕಾಯುತ್ತ ನಿಂತಿದ್ದವಳು, ಮುಖ ನೆನಪಿತ್ತು. ಮಡಿಲಿನಿಂದ ಒಂದು ಸಣ್ಣ ಬಾಟಲಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಹೇರಳೆಕಾಯಿ ಗೊಜ್ಜು. ಡ್ರೈವರಪ್ಪಂಗೆ ಅಂತ ತಂದಿದ್ದೆ. ಉಪ್ಪು ಹಾಕಿಲ್ಲ ಕಣವ್ವ. ಜಾಸ್ತಿ ದಿನ ಇರಲ್ಲ, ಬೇಗ ಉಣ್ಬೇಕು ಅಂತ ಹೇಳು."

"ಉಪ್ಪು ಹಾಕಬಾರದು ಅಂತ ನಿಮಗೆ ಯಾರು ಹೇಳಿದ್ದು?"

"ಅವ್ನೇ. ಗೇಟ್ ಗೇಟಲ್ಲೂ ನಿಲ್ಸಿ ಹೇಳ್ಬುಟ್ಟವ್ನೆ, ನಂಗೆ ಎದೆ ಸರಿ ಇಲ್ಲ, ಉಪ್ಪು ಹಾಕಿದ್ದು ಕೊಡ್ಬ್ಯಾಡಿ ಅಂತ. ದೀಪಾವಳಿಯಿಂದ ಈ ದಾರಿಲಿ ಯಾರೂ ಹಾಕಿ ಕೊಡಲ್ಲ."

ನಾನು ಕಂಡಕ್ಟರ್ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ, ಮಾಲೀಕರಿಗೂ ಗೊತ್ತು ಅಂದ. ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೇ ಹತ್ತುತ್ತಿದ್ದರು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಜಗುಲಿಯಲ್ಲಿ ಓಡಾಡುತ್ತಿದ್ದವಳು ನಾನೊಬ್ಬಳೇ.

ಆತ ಉಳಿದ. ಹಾಸನದಲ್ಲಿ ಮೊದಲ ಮೂರ್ನಾಲ್ಕು ದಿನ ಹೇಗೆ ಕಳೆದವು ಅಂತ ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ದಿಂಬಿಗೆ ಒರಗಿ ಕೂರಲು ಬಿಟ್ಟ ದಿನ ನಾನು ನೋಡಲು ಹೋದೆ. ಇನ್ನು ಸ್ಟೇರಿಂಗ್ ಹಿಡಿಯುವಂತಿಲ್ಲ, ನಾನು ಸಹಿ ಹಾಕುವುದಿಲ್ಲ ಅಂತ ಹೇಳಲೇಬೇಕಿತ್ತು, ಹೇಳಿದೆ.

"ಗೊತ್ತು ಬುಡಿ," ಅಂದ. ಹೊದಿಕೆ ಎಳೆದುಕೊಳ್ಳುತ್ತ, "ಅವತ್ತು ಹಾರ್ನ್ ಹೊಡೀಲಿಲ್ಲ. ನಿಮ್ಗೆ ಗಾಬ್ರಿ ಆಗಿರ್ಬೇಕು," ಅಂದ.

ಬ್ಯಾಗಿನಿಂದ ಮುದುಕಿಯ ಬಾಟಲಿ ತೆಗೆದೆ. ಗೊಜ್ಜು ಆಗಲೇ ಹುಳಿ ತಿರುಗುವ ವಾಸನೆ ಹೊಡೆಯುತ್ತಿತ್ತು, ತಿನ್ನಬೇಡಿ, ಸುಮ್ಮನೆ ತೋರಿಸಲು ತಂದೆ ಅಂದೆ. ಆತ ಕೇಳಲಿಲ್ಲ. ಕಿರುಬೆರಳಲ್ಲಿ ಒಂಚೂರು ತೆಗೆದು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ.

"ಸಪ್ಪೆ," ಅಂದ.

ಬಾಟಲಿಗೆ ಕೈ ಚಾಚಿದೆ. ವಾಪಸ್ ಕೊಡಲಿಲ್ಲ.